ಒಣಮರದ ಗುರುತು

ಆರ್ವಿಲ್‌ಗೆ ಹೆಂಡತಿಯ ಹುಟ್ಟುಹಬ್ಬ ಒಂದು ವರ್ಷವೂ ನೆನಪಾದದ್ದಿಲ್ಲ. ಆದರೆ ಕೆಂಟಕಿಯ ಆ ದೊಡ್ಡ ಕೆರೆಯಲ್ಲಿ ತನ್ನ ಕೊಂಬೆರಾಶಿ ಎಲ್ಲಿದೆ ಎಂಬುದು ನಿದ್ದೆಗಣ್ಣಿನಲ್ಲೂ ಗೊತ್ತಿತ್ತು. ಸೀಡರ್ ಮರ ಕಡಿದು, ಬೇಲಿತಂತಿಯಿಂದ ಸಿಮೆಂಟ್ ಇಟ್ಟಿಗೆ ಬಿಗಿದು ಮುಳುಗಿಸಿದರೆ ಸಾಕು, ಮಾರ್ಚ್‌ನಲ್ಲಿ ನೀರಿನ ಚಳಿ ಬಿಡುತ್ತಿದ್ದಂತೆ ಅದರೊಳಗೆ ಕ್ರಾಪಿ ಮೀನಿನ ಸಂತೆ ನೆರೆಯುತ್ತದೆ. ಜಾಗ ಸಿಗುವುದು ದಡದ ಗುರುತಿನಿಂದ. ದೋಣಿಯಿಂದ ನೋಡಿದರೆ ಬಿಳಿ ಒಣಮರದ ನೆತ್ತಿಯ ಮೇಲೆ ಚರ್ಚಿನ ಶಿಖರ ಕೂರಬೇಕು, ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಯ ಮೂಲೆಗೆ ಬಂಡೆ ತಾಗಬೇಕು. ಇದನ್ನು ಅಪ್ಪ ಸಾಯುವಾಗ ಹಿರಿಮಗನ ಕಿವಿಗೆ ಮಾತ್ರ ಹಾಕಿದ್ದ. ಕಿರಿಯವ ಡೆಲ್ಮರ್ ಇಪ್ಪತ್ತು ವರ್ಷ ಕೇಳಿ ಕೇಳಿ ಸುಮ್ಮನಾಗಿದ್ದ.

ಆ ವರ್ಷದ ಮೊದಲ ಬೆಚ್ಚನೆಯ ಬೆಳಿಗ್ಗೆ ಆರ್ವಿಲ್ ಗುರುತಿಗೆ ಗುರುತು ಕೂಡಿಸಿಕೊಂಡು ಹೋದರೆ, ಅಲ್ಲಿ ಡೆಲ್ಮರ್ ಆಗಲೇ ಲಂಗರು ಬಿಟ್ಟು ಕೂತಿದ್ದ. ಬಕೆಟ್ಟಿನಲ್ಲಿ ಅಂಗೈಯಗಲದ ಮೀನುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಆರ್ವಿಲ್‌ನ ಮೈಯೆಲ್ಲ ಉರಿದುಹೋಯಿತು. ಆ ಊರಿನಲ್ಲಿ ಇನ್ನೊಬ್ಬನ ಹೆಂಡತಿಯ ಜೊತೆ ಓಡಿಹೋದವನನ್ನಾದರೂ ಕ್ಷಮಿಸುತ್ತಾರೆ, ಕೊಂಬೆರಾಶಿ ಕದ್ದವನನ್ನಲ್ಲ.

"ಯಾರೋ ನಿಂಗೆ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಕಣಣ್ಣ. ಇದು ನಂದು, ಚಳಿಗಾಲದಲ್ಲಿ ನಾನೇ ಮುಳುಗಿಸಿದ್ದು. ನಿಂದೆಲ್ಲಿದ್ಯೋ ನಂಗೇನ್ ಗೊತ್ತು? ವಯಸ್ಸಾಯ್ತಲ್ಲ, ದಾರಿ ತಪ್ಪಿರ್ಬೇಕು," ಎಂದು ಡೆಲ್ಮರ್ ನಕ್ಕ.

ಆ ನಗುವೇ ಕೆಡಿಸಿತು. ಆರ್ವಿಲ್ ಹುಟ್ಟನ್ನೆತ್ತಿ ಬೀಸಿದ. ಅದರ ತುದಿಗೆ ಬಡಿದಿದ್ದ ತಗಡು ಡೆಲ್ಮರ್‌ನ ಎಡಗಣ್ಣಿಗೇ ಬಿತ್ತು. ಮುಖ ಮುಚ್ಚಿಕೊಂಡ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿದ್ದರೂ ಆರ್ವಿಲ್ ನಿಲ್ಲಲಿಲ್ಲ. ಎರಡನೇ ಪೆಟ್ಟಿಗೆ ಕಿವಿ ಹರಿಯಿತು. ಮೂರನೆಯದಕ್ಕೆ ಡೆಲ್ಮರ್ ದೋಣಿಯಿಂದ ಉರುಳಿದ. ಮೇಲೆದ್ದ ತಲೆಯನ್ನು ಆರ್ವಿಲ್ ಹುಟ್ಟಿನಿಂದ ಒತ್ತಿ ಹಿಡಿದ. ಎದ್ದಿತು, ಮತ್ತೆ ಒತ್ತಿದ. ಕೊಲ್ಲಬೇಕೆಂದೇ ಒತ್ತಿದ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ನೀರಿನೊಳಗೆ ಡೆಲ್ಮರ್ ಲಂಗರಿನ ಹಗ್ಗ ಹಿಡಿದು ಒದ್ದಾಡಿದ. ಲಂಗರು ಕಿತ್ತುಕೊಂಡು ಮೇಲೆ ಬಂತು, ಜೊತೆಗೆ ಒಂದು ಸೀಡರ್ ಕೊಂಬೆಯೂ ಬಂತು. ಕೊಂಬೆಗೆ ಸುತ್ತಿದ್ದದ್ದು ನೀಲಿ ನೈಲಾನ್ ಹಗ್ಗ. ಅಪ್ಪನಾಗಲಿ ಆರ್ವಿಲ್ ಆಗಲಿ ಬೇಲಿತಂತಿ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ.

ಆರ್ವಿಲ್ ತಲೆಯೆತ್ತಿ ದಡ ನೋಡಿದ. ಅಪ್ಪನ ಒಣಮರ ಬೇರು ಮೇಲೆ ಮಾಡಿಕೊಂಡು ನೀರಿನಂಚಿಗೆ ಬಿದ್ದಿತ್ತು. ಚಳಿಗಾಲದ ಗಾಳಿ ಕೆಡವಿದ್ದಿರಬೇಕು. ಅವನು ಶಿಖರ ಕೂಡಿಸಿಕೊಂಡು ಬಂದದ್ದು ಮೂವತ್ತು ಹೆಜ್ಜೆ ಆಚೆಗಿನ ಇನ್ನೊಂದು ಬಿಳಿ ಮರಕ್ಕೆ. ಈ ರಾಶಿ ತಮ್ಮನದೇ ಆಗಿತ್ತು. ತಮ್ಮನನ್ನು ಕಾಲರ್ ಹಿಡಿದು ದೋಣಿಗೆ ಎಳೆದುಕೊಂಡು, ಎದೆ ಅದುಮಿ ನೀರು ಕಕ್ಕಿಸಿದ. ದಡ ಮುಟ್ಟುವವರೆಗೂ ಹುಚ್ಚನ ಹಾಗೆ ಅಳುತ್ತ ಹುಟ್ಟು ಹಾಕಿದ.

ಎಡಗಣ್ಣನ್ನು ತೆಗೆಯಬೇಕಾಯಿತು. ಹೇಗಾಯಿತೆಂದು ಡಾಕ್ಟರು ಕೇಳಿದ್ದಕ್ಕೆ, ಕಾಲು ಜಾರಿ ದೋಣಿಯ ಮೋಟರಿನ ಮೇಲೆ ಬಿದ್ದೆನೆಂದು ಡೆಲ್ಮರ್ ಹೇಳಿದನಂತೆ.

ನಾಲ್ಕನೇ ದಿನ ಆರ್ವಿಲ್ ಆಸ್ಪತ್ರೆಗೆ ಹೋದ. ಟೋಪಿ ಕೈಯಲ್ಲಿ ಹಿಡಿದು ಮಂಚದ ಪಕ್ಕ ನಿಂತ.

"ವಾಸಿಯಾದ್ಮೇಲೆ ನನ್ ಜೊತೆ ಬಾ," ಎಂದ. "ಅಪ್ಪನ ರಾಶಿ ತೋರಿಸ್ತೀನಿ. ಮರ ಬಿದ್ರೂ ಬುಡದ ಗುಂಡಿ ಅಲ್ಲೇ ಇದೆ, ಗುರುತು ಕೂಡಿಸ್ಬಹುದು."

ಡೆಲ್ಮರ್ ಉಳಿದ ಕಣ್ಣನ್ನು ಅಣ್ಣನತ್ತ ತಿರುಗಿಸಿದ.

"ತೋರ್ಸು," ಎಂದ. "ಗುರುತು ಕೂಡಿಸೋವಾಗ ಹೇಗೂ ಒಂದ್ ಕಣ್ಣು ಮುಚ್ಕೋಬೇಕಲ್ಲ."