ಬಕೆಟ್ ಮೇಲೆ ನಿಂತವನು

ತಮ್ಮ ಬದುಕಿನಲ್ಲಿ ಹೇಳಿಕೊಳ್ಳುವಂಥ ಒಂದು ಸೋಲೂ ಇಲ್ಲವೆಂಬುದು ಬದರೀನಾಥರಿಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ, ಅದೂ ಫೋನಿನಲ್ಲಿ. ಗೊತ್ತಾದದ್ದೇ ತಡ, ಮನುಷ್ಯ ಕಂಗಾಲಾಗಿಬಿಟ್ಟರು.

ಫೋನ್ ಮಾಡಿದವನು ಕಶ್ಯಪ್. ಯೂಟ್ಯೂಬಿನಲ್ಲಿ ಬರುವ ‘ಶಿಖರ ಸಂವಾದ’ ಎಂಬ ಕಾರ್ಯಕ್ರಮ ಅವನದು. ಹೆಬ್ಬಾಳದ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಎರಡು ಸೋಫಾ, ಒಂದು ಹೂವಿನ ಕುಂಡ, ಗೋಡೆಗಷ್ಟು ನೀಲಿ ದೀಪ ಇಟ್ಟುಕೊಂಡು, ವಾರಕ್ಕೊಬ್ಬ ಉದ್ಯಮಿಯನ್ನು ಕೂರಿಸಿ, ನೀವು ಮೇಲೆ ಬಂದದ್ದು ಹೇಗೆ, ನಾಯಕತ್ವ ಎಂದರೇನು, ಸಾವಿರ ಜನರ ನಡುವೆ ಎದ್ದು ಕಾಣುವುದು ಹೇಗೆ ಎಂದು ಕೇಳುತ್ತಾನೆ. ಬಂದವರೂ ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದುಕೊಂಡಿದ್ದವರ ಹಾಗೆ ಹೇಳುತ್ತಾರೆ. ಬದರೀನಾಥರದು ಯಶವಂತಪುರದಲ್ಲಿ ಪ್ಲಾಸ್ಟಿಕ್ ಬಕೆಟ್, ಮಗ್ಗು, ಟಬ್ಬುಗಳ ಕಾರ್ಖಾನೆ. ಅದರ ಜಾಹೀರಾತು ನೋಡಿಕೊಳ್ಳುವ ಸೊಸೆ ಭಾವನಾ ಕಶ್ಯಪನ ಬೆನ್ನು ಹತ್ತಿ ಮಾವನಿಗೂ ಒಂದು ವಾರ ಗೊತ್ತು ಮಾಡಿಸಿದ್ದಳು.

“ಸಾರ್, ನಿಮ್ಮ ಸೋಲಿನ ಕಥೆ ಯಾವುದು ಅಂತ ಮೊದಲೇ ಹೇಳ್ಬಿಟ್ರೆ ಒಳ್ಳೇದು,” ಎಂದ ಕಶ್ಯಪ್.

“ಸೋಲಾ? ನಾನು ಸೋತಿಲ್ವಲ್ಲಪ್ಪ.”

“ಹಂಗಂದ್ರೆ ಹೆಂಗೆ ಸಾರ್? ಎಲ್ರೂ ಸೋತಿದಾರೆ. ಹೋದ ವಾರ ಬಂದಿದ್ದ ಬಿಸ್ಕೆಟ್ ಕಂಪನಿಯೋರು ಎರಡೆರಡು ಸಲ ಸೋತಿದ್ರು. ಶುರುನಲ್ಲೇ ಜನಕ್ಕೆ ಕಣ್ಣಲ್ಲಿ ನೀರು ಬರ್ಬೇಕು ಸಾರ್. ಲೀಡರ್‌ಶಿಪ್ ಎಲ್ಲ ಆಮೇಲೆ. ಸೋಲಿಲ್ದೆ ಇದ್ರೆ ಎಪಿಸೋಡ್ ಓಡಲ್ಲ.”

ಬದರೀನಾಥರು ಕುರ್ಚಿಯಲ್ಲಿ ಕುಸಿದು ಕೂತು ಹಿಂದೆ ತಿರುಗಿ ನೋಡಿಕೊಂಡರು. ಎಲ್ಲಿ ನೋಡಿದರೂ ಸುಖವೇ. ಅಪ್ಪ ನರಸಿಂಹಯ್ಯನವರು ಯಶವಂತಪುರದಲ್ಲಿ ಬಕೆಟ್ ಅಂಗಡಿ ಇಟ್ಟರು, ಆಮೇಲೆ ಕಾರ್ಖಾನೆ ಹಾಕಿದರು, ಆಮೇಲೆ ಮಗನನ್ನು ಕರೆದು ಬೀಗದ ಕೈ ಕೊಟ್ಟರು. ಮಗ ಅದನ್ನು ಕಳೆಯದೆ ಇಟ್ಟುಕೊಂಡ. ಅಷ್ಟೇ ಕಥೆ. ಈ ವಯಸ್ಸಿನಲ್ಲೂ ವರ್ತಕರ ಸಂಘದಲ್ಲಿ ಅವರನ್ನು ಪರಿಚಯಿಸುವಾಗ ‘ನಮ್ಮ ನರಸಿಂಹಯ್ಯನವರ ಮಗ’ ಎನ್ನುತ್ತಿದ್ದರು. ತಲೆ ಬೆಳ್ಳಗಾಗಿ, ಮೊಮ್ಮಗ ಶಾಲೆಗೆ ಹೋಗುತ್ತಿದ್ದ ಮನುಷ್ಯನಿಗೆ ಅದು ಒಳಗೊಳಗೇ ಉರಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲವಾದರೂ ಸ್ವಂತ ಕಾಲಿನ ಮೇಲೆ ನಿಂತವನು ಎನ್ನಿಸಿಕೊಳ್ಳಬೇಕೆಂಬುದು ಅವರ ಆಸೆ. ಅದಕ್ಕಾಗಿಯೇ ಆ ಸೋಫಾ ಅವರಿಗೆ ಬೇಕಾಗಿತ್ತು.

“ನಾನು ಯಾವಾಗಾದ್ರೂ ಸೋತಿದೀನೇನೇ?” ಎಂದು ಹೆಂಡತಿ ಗೋದಾಳನ್ನು ಕೇಳಿದರು.

ಗೋದಾ ಹುರುಳಿಕಾಯಿ ಸೋಸುತ್ತಿದ್ದಳು. ತಲೆ ಎತ್ತದೆ ಶುರು ಮಾಡಿದಳು. “ಯಲಹಂಕದಲ್ಲಿ ಸೈಟ್ ತಗೊಳ್ಳಿ ಅಂದೆ, ಅಲ್ಲಿಗೆ ಯಾರು ಹೋಗ್ತಾರೆ ಅಂದ್ರಿ. ಕಾರ್ ಕಲೀತೀನಿ ಅಂತ ಹೋಗಿ ಕೋಗಿಲು ಹತ್ರ ಹಾಲಿನ ಬೂತ್‌ಗೆ ಗುದ್ದಿದ್ರಿ. ನಮ್ಮಣ್ಣನ ಮಗಳ ಮದುವೇಲಿ...”

“ಸಾಕು ಬಿಡು. ಅಂಥ ಸೋಲಲ್ಲ.”

“ಮತ್ತೆ ಎಂಥದ್ದು ಬೇಕು? ಇನ್ನೂ ಇದೆ.”

ಬೇಕಾದ ಸೋಲು ಅವರಿಗೆ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ ಹೆಬ್ಬಾಳ ಕೆರೆಯ ದಂಡೆಯಲ್ಲಿ. ಆದರೆ ಅದು ಅವರದಾಗಿರಲಿಲ್ಲ, ಖುದ್ದೂಸರದು. ಖುದ್ದೂಸರಿಗೆ ಆರ್.ಟಿ. ನಗರದಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ದೊಡ್ಡ ಅಂಗಡಿ. ಮೊದಲು ಗಿರಾಕಿಯಾಗಿ ಬಂದವರು, ಆಮೇಲೆ ವಾಕಿಂಗಿನ ಜೊತೆಗಾರರಾದರು, ಈಗ ಬದರೀನಾಥರು ಮನಸ್ಸು ಬಿಚ್ಚಿ ಮಾತಾಡುವ ಒಬ್ಬನೇ ಗೆಳೆಯ ಎಂದರೆ ಅವರೇ. ಮಂಡಿ ನೋವೆಂದು ಕಲ್ಲುಬೆಂಚಿನ ಮೇಲೆ ಕೂತಾಗಲೆಲ್ಲ ಖುದ್ದೂಸರು ಹಳೆಯದೊಂದು ಪ್ರಸಂಗ ಹೇಳುತ್ತಿದ್ದರು. ಅವತ್ತೂ ಹೇಳಿದರು.

ಇಪ್ಪತ್ತರ ಹುಡುಗನಾಗಿದ್ದಾಗ ಅವರು ಯಶವಂತಪುರದ ಒಂದು ಬಕೆಟ್ ಅಂಗಡಿಗೆ ಹೋಗಿ, ಸೈಕಲ್ ಮೇಲೆ ಮಾರಿಕೊಂಡು ಬರುತ್ತೇನೆ, ಮಾಲು ಕೊಡಿ ಎಂದು ಕೇಳಿದ್ದರಂತೆ. ಗಲ್ಲಾದ ಮೇಲಿದ್ದ ಸಾಹುಕಾರ ಒಂದು ಹೊಸ ಕೆಂಪು ಬಕೆಟ್ಟನ್ನು ಬೋರಲು ಹಾಕಿ, ಅಂಗಡಿ ಮುಂದೆ ಇದರ ಮೇಲೆ ಹತ್ತಿ ನಿಲ್ಲು, ನಮ್ಮ ಮಾಲು ಒಡೆಯಲ್ಲ ಅಂತ ಜನ ನೋಡಲಿ, ಸಂಜೆ ಮಾತಾಡೋಣ ಎಂದ. ಹುಡುಗ ಬಿಸಿಲಲ್ಲಿ ನಿಂತ. ಬಸ್ಸಿನಲ್ಲಿದ್ದವರು ಇಣುಕಿ ನೋಡಿ ನಕ್ಕರು, ಮಕ್ಕಳು ಚಪ್ಪಾಳೆ ಹೊಡೆದವು, ವ್ಯಾಪಾರ ಭರ್ಜರಿಯಾಯಿತು. ಸಂಜೆ ಸಾಹುಕಾರ, ನಾಳೆ ಬಾ ಎಂದ. ಮಾರನೆಯ ದಿನ ಹೋದರೆ ಮುಖ ನೋಡಿ, ‘ಯಾರು ನೀನು?’ ಎಂದ.

“ಎಂಥ ಪಾಪಿ ಇರ್ಬೇಕು ಅವನು!” ಎಂದು ಬದರೀನಾಥರು ಪ್ರತಿ ಸಲದ ಹಾಗೆ ಹಲ್ಲು ಕಡಿದರು. “ನನ್ನ ಕೈಗೆ ಸಿಗ್ಬೇಕಿತ್ತು.”

ಖುದ್ದೂಸರು ಪ್ರತಿ ಸಲದ ಹಾಗೆ ಕೆರೆಯ ಕಡೆ ನೋಡಿದರು.

ಕದಿಯಬೇಕೆಂದು ಬದರೀನಾಥರು ಹೊರಟವರಲ್ಲ. ನೀಲಿ ದೀಪದ ಕೆಳಗೆ ಕೂತು ಅಪ್ಪ, ಅಂಗಡಿ ಎಂದು ಏನೇನೋ ತಡವರಿಸಿದರು. ಕಶ್ಯಪ್ ಆಕಳಿಕೆ ತಡೆದುಕೊಂಡದ್ದು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅವರ ಬಾಯಿ ತಾನಾಗಿಯೇ, “ಒಂದಿನ ಅಪ್ಪನ ಹೆಸರು ಹೇಳದೆ ಕೆಲಸ ಕೇಳ್ಕೊಂಡು ಹೊರಟೆ,” ಎಂದಿತು. ಮುಂದಿನದೆಲ್ಲ ಇಳಿಜಾರಿಗೆ ಬಿಟ್ಟ ಸೈಕಲ್ಲಿನಂತೆ ಹೋಯಿತು. ಬಕೆಟ್ ಬಂತು, ಬಿಸಿಲು ಬಂತು, ಬಸ್ಸಿನ ನಗು ಬಂತು. ‘ಯಾರು ನೀನು’ ಎನ್ನುವಾಗ ಅವರ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. “ಜನ ನಿಮ್ಮನ್ನ ನೋಡಿ ನಗೋವಾಗ ಇಳೀಬೇಡಿ. ಎದ್ದು ಕಾಣೋದು ಅಂದ್ರೆ ಅದೇ,” ಎಂದು ಕೊನೆಗೆ ತಮ್ಮ ಕಡೆಯಿಂದ ಒಂದು ಮಾತು ಸೇರಿಸಿದರು. ಕಶ್ಯಪನ ಕ್ಯಾಮೆರಾದವನು ಮೂಗು ಒರೆಸಿಕೊಂಡ.

ಅದು ಊರೆಲ್ಲ ಹರಡಿತು. ಮೊಬೈಲಿದ್ದವರೆಲ್ಲ ನೋಡಿದರು. ಯಲಹಂಕದ ಕಾಲೇಜೊಂದು ಭಾಷಣಕ್ಕೆ ಕರೆಯಿತು. ಸಂಘದ ಸಭೆಯಲ್ಲಿ ಮೊದಲ ಸಲ ಅಪ್ಪನ ಹೆಸರು ಬಿಟ್ಟು, ‘ನಮ್ಮ ಬದರೀನಾಥ್ ಅವರು’ ಎಂದರು. ವಿಡಿಯೋದ ಕೆಳಗೆ ಜನ ಆ ಸಾಹುಕಾರನಿಗೆ ಹಿಡಿಶಾಪ ಹಾಕಿದ್ದೇ ಹಾಕಿದ್ದು. ಅವನ ವಂಶ ನಿರ್ವಂಶವಾಗಲಿ ಎಂದಿದ್ದನ್ನೂ ಬದರೀನಾಥರು ಕನ್ನಡಕ ಏರಿಸಿ ಓದಿ, ಹೆಬ್ಬೆರಳು ಎತ್ತಿದ ಗುರುತು ಒತ್ತಿದರು.

ಗೋದಾ ಮಾತ್ರ, “ನೀವ್ಯಾವಾಗ್ರೀ ಬಕೆಟ್ ಮೇಲೆ ನಿಂತಿದ್ದು? ಬಲ್ಬ್ ಹಾಕೋಕೂ ಸ್ಟೂಲ್ ಹತ್ತಿದೋರಲ್ಲ,” ಎಂದಳು. ಮದುವೆಗೆ ಮುಂಚಿನದು ಎಂದು ಬಾಯಿ ಮುಚ್ಚಿಸಿದರು.

ಖುದ್ದೂಸರ ಭಯವಿತ್ತು. ಆದರೆ ಅವರು ವಾಕಿಂಗಿಗೆ ಬಂದರು, ಮಾವಿನಹಣ್ಣು ಈ ವರ್ಷ ಸಪ್ಪೆ ಎಂದರು, ಹೋದರು. ಇವರಿಗೆ ಯೂಟ್ಯೂಬ್ ಎಲ್ಲಿ ಗೊತ್ತು ಎಂದು ಬದರೀನಾಥರು ನಿಟ್ಟುಸಿರು ಬಿಟ್ಟರು. ಒಂದು ದಿನ ಸಮಯ ನೋಡಿ ತಾವೇ ಹೇಳಿ ನಕ್ಕುಬಿಟ್ಟರಾಯಿತು ಎಂದುಕೊಂಡರು. ಆ ಸಮಯ ಮಾತ್ರ ಯಾವ ಬೆಳಿಗ್ಗೆಯೂ ಬರಲಿಲ್ಲ.

ಅಷ್ಟರಲ್ಲಿ ಕಶ್ಯಪನಿಗೆ ಹೊಸ ಹುರುಪು ಬಂತು. “ಸಾರ್, ಆ ಸಾಹುಕಾರ ಬದುಕಿದ್ರೆ ಹುಡುಕಿ ನಿಮ್ಮೆದುರು ಕೂರಿಸೋಣ. ಅವನು ಕಾಲಿಗೆ ಬೀಳ್ಲಿ, ನೀವು ಎಬ್ಬಿಸಿ ಕ್ಷಮಿಸ್ಬಿಡಿ. ಲೀಡರ್ ಅಂದ್ರೆ ಕ್ಷಮೆ ಸಾರ್! ಯಾರು ಅಂತ ಹೇಳಿ, ಮಿಕ್ಕಿದ್ದು ನಮಗೆ ಬಿಡಿ.” ಭಾವನಾ ಆಗಲೇ ಹೂಂ ಎಂದುಬಿಟ್ಟಿದ್ದಳು.

ಯಾರೆಂದು ಬದರೀನಾಥರಿಗೆ ಗೊತ್ತಿದ್ದರೆ ತಾನೆ? ಆ ಬೀದಿಯಲ್ಲಿ ಬಕೆಟ್ ಮೇಲೆ ಆಳು ನಿಲ್ಲಿಸುವುದನ್ನು ಎಲ್ಲ ಅಂಗಡಿಯವರೂ ಮಾಡುತ್ತಿದ್ದರು. ಸಂಜೆ ಆರ್.ಟಿ. ನಗರಕ್ಕೆ ಹೋಗಿ, ಖುದ್ದೂಸರ ಗಲ್ಲಾದ ಪಕ್ಕ ಕುರ್ಚಿ ಎಳೆದುಕೊಂಡು, ತೀರಾ ಸಹಜವೆನ್ನುವಂತೆ ಕೇಳಿದರು.

“ಖುದ್ದೂಸ್ ಭಾಯ್, ಆ ಬಕೆಟ್ ಸಾಹುಕಾರ ಅಂತಿದ್ರಲ್ಲ, ಅವನ ಹೆಸರೇನು?”

ಖುದ್ದೂಸರು ಚಹಾ ತರಿಸಿದರು. ಗಿರಾಕಿಯೊಬ್ಬಳಿಗೆ ಜರಡಿ ಕೊಟ್ಟು ಕಳಿಸಿದರು. ಆಮೇಲೆ ನಿಧಾನವಾಗಿ, “ವಿಡಿಯೋ ನೋಡ್ದೆ, ಬದ್ರಿ ಸಾರ್. ಚೆನ್ನಾಗಿ ಹೇಳಿದೀರ. ನನಗೆ ಅಷ್ಟು ಚೆನ್ನಾಗಿ ಬರಲ್ಲ,” ಎಂದರು.

ಬದರೀನಾಥರ ಮುಖದಲ್ಲಿ ರಕ್ತ ಇಂಗಿತು. “ನಿಮಗೆ ಹೇಳ್ಬೇಕು ಅಂತಾನೇ...”

“ಇರ್ಲಿ. ಅವರು ಯಾರು ಅಂತ ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?”

“ನೀವು ಯಾವತ್ತೂ ಹೆಸರು ಹೇಳಿಲ್ವಲ್ಲ.”

“ನಾನು ಹೇಳ್ತಿದ್ದಿದ್ದೇ ನಿಮ್ಮ ಹತ್ರ. ನಿಮ್ಮ ಮುಂದೆ ನಿಮ್ಮ ಹೆಸರು ಏನಂತ ಹೇಳ್ಲಿ?”

ಬದರೀನಾಥರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಚಹಾ ಲೋಟ ಕೆಳಗಿಟ್ಟರು. “ಅಪ್ಪ ಇರ್ಬೇಕು,” ಎಂದರು. ಸತ್ತವರ ಮೇಲೆ ಹಾಕುವುದು ಎಷ್ಟು ಸಲೀಸು!

“ದೊಡ್ಡೋರು ತಿರುಪತಿಗೆ ಹೋಗಿದ್ರು. ನೀವೊಬ್ರೇ ಇದ್ರಿ ಅಂಗಡೀಲಿ. ಆ ಬೀದೀಲಿ ಬಕೆಟ್ ಮೇಲೆ ಮನುಷ್ಯನ್ನ ನಿಲ್ಲಿಸೋದು ಶುರು ಮಾಡಿದ್ದೇ ನೀವು, ಸಾರ್. ಮಿಕ್ಕೋರು ನಿಮ್ಮನ್ನ ನೋಡಿ ಕಲ್ತಿದ್ದು. ಅಪ್ಪನ ಹತ್ರ ಕೇಳ್ದೆ, ಯಾರೂ ಹೇಳ್ಕೊಡ್ದೆ, ಸ್ವಂತ ನಿಮ್ಮ ತಲೇಲಿ ಬಂದಿದ್ದು ಅದು. ಸಂಜೆ ಎಷ್ಟು ಖುಷಿಯಾಗಿದ್ರಿ ಗೊತ್ತಾ?”

ಜೀವಮಾನವೆಲ್ಲ ಬಯಸಿದ್ದು, ಅಪ್ಪನ ಸೋಂಕಿಲ್ಲದ ಒಂದೇ ಒಂದು ಸ್ವಂತ ಸಾಧನೆ, ಹೀಗೆ ಚಹಾ ಲೋಟದ ಪಕ್ಕ ಬಂದು ಕೂತಿತು. ಬದರೀನಾಥರು ನೆನಪಿಸಿಕೊಳ್ಳಲು ನೋಡಿದರು. ಕೆಂಪು ಬಕೆಟ್ ಕಂಡಿತು, ಅದರ ಮೇಲಿನ ಎರಡು ಕಾಲು ಕಂಡವು. ಮುಖ ಕಾಣಲಿಲ್ಲ. ಆವತ್ತೇ ನೋಡಿರಲಿಲ್ಲ, ಈಗ ಎಲ್ಲಿಂದ ಕಾಣಬೇಕು?

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಮೊದಲ್ನೇ ಸಲ ದೊಡ್ಡ ಗಿರಾಕಿಯಾಗಿ ಬಂದಿದ್ದೇ ಹೇಳೋಕೆ. ನೀವು ಕುರ್ಚಿ ಹಾಕ್ಸಿ ಕಾಫಿ ತರಿಸಿದ್ರಿ. ಕಾಫಿ ಕುಡ್ಕೊಂಡು ಹೆಂಗೆ ಹೇಳೋದು? ಆಮೇಲೆ ನೀವು ಒಳ್ಳೇ ಮನುಷ್ಯ ಅನ್ನಿಸ್ತು, ಅದು ಇನ್ನೂ ಕಷ್ಟ ಆಯ್ತು. ಕಥೆ ಥರ ಹೇಳಿದ್ರೆ ನಿಮಗೇ ನೆನಪಾಗ್ಬಹುದು ಅಂದ್ಕೊಂಡೆ. ನೀವು ಅವನಿಗೇ ಬೈತಾ ಕೂತ್ರಿ. ಬೈಲಿ ಬಿಡು, ಅದೂ ಒಂದು ಲೆಕ್ಕಕ್ಕೆ ಆಯ್ತು ಅಂದ್ಕೊಂಡೆ.”

ಬದರೀನಾಥರು ತೊದಲುತ್ತಾ ಕಶ್ಯಪನ ಕ್ಷಮೆಯ ಸಂಚಿಕೆಯ ಸುದ್ದಿ ಹೇಳಿದರು. ಖುದ್ದೂಸರಿಗೆ ನಗು ತಡೆಯಲಾಗಲಿಲ್ಲ. “ಕ್ಷಮೆ ಕೇಳೋರೂ ನೀವೇ, ಕ್ಷಮಿಸೋರೂ ನೀವೇ. ಒಂದೇ ಸೋಫಾ ಸಾಕು ಅಂತ ಹೇಳಿ ಅವರಿಗೆ.”

ನಗು ನಿಂತ ಮೇಲೆ ಅವರ ದನಿ ಬದಲಾಯಿತು. “ನನಗೆ ಊರಿಗೆಲ್ಲ ಹೇಳ್ಕೊಳ್ಳೋ ಆಸೆ ಇಲ್ಲ. ನಮ್ಮ ಮೊಮ್ಮಗಳು ರುಖ್ಸಾರ್‌ಗೆ ಚಿಕ್ಕೋಳಿದ್ದಾಗ್ಲಿಂದ ಆ ಬಕೆಟ್ ಕಥೆ ಹೇಳಿ ಮಲಗಿಸಿದೀನಿ. ಮೊನ್ನೆ ವಿಡಿಯೋ ನೋಡಿ, ‘ದಾದಾ, ಬದ್ರಿ ಅಂಕಲ್ ಕಥೇನ ನಿಮ್ಮದು ಅಂತ ಹೇಳ್ತಿದ್ರಾ ಇಷ್ಟು ವರ್ಷ?’ ಅಂದ್ಳು. ನಗ್ತಾನೇ ಅಂದ್ಳು. ನನಗೆ ಮೂರು ದಿನ ಊಟ ಸೇರ್ಲಿಲ್ಲ, ಸಾರ್. ಅವಳಿಗೊಬ್ಬಳಿಗೆ ಹೇಳಿ. ಸಾಕು.”

ಬದರೀನಾಥರ ಕಣ್ಣಲ್ಲಿ ನೀರು ಬಂತು. ಸ್ಟುಡಿಯೋದಲ್ಲಿ ಬಂದದ್ದಕ್ಕಿಂತ ಇದು ಬೇರೆ ಥರದ್ದು, ಮೂಗೂ ಸೋರಿತು. “ಈಗ್ಲೇ ಕರೀರಿ,” ಎಂದರು.

ರುಖ್ಸಾರ್ ಮೇಲಿನ ಮನೆಯಿಂದ ಇಳಿದು ಬಂದಳು. ಎಂಬಿಎ ಓದುತ್ತಿದ್ದ ಹುಡುಗಿ. ಕ್ಯಾಂಪಸ್ ಸಂದರ್ಶನಕ್ಕೆ ಅನುಕೂಲವೆಂದು ‘ಶಿಖರ ಸಂವಾದ’ದ ಒಂದು ವಾರವನ್ನೂ ತಪ್ಪಿಸಿದವಳಲ್ಲ. ಬದರೀನಾಥರು ಎದ್ದು ನಿಂತರು. ಕಥೆ ನಿಮ್ಮ ದಾದಾನದು, ಬಕೆಟ್ ಮೇಲೆ ನಿಂತವರು ಅವರು, ನಿಲ್ಲಿಸಿದ ಪಾಪಿ ನಾನು, ಅದನ್ನು ಕದ್ದು ನನ್ನದೆಂದು ಹೇಳಿಕೊಂಡವನೂ ನಾನೇ ಎಂದು ಒಂದನ್ನೂ ಬಿಡದೆ ಹೇಳಿದರು. ಹೇಳಿ ಮುಗಿಸಿ ಖುದ್ದೂಸರಿಗೆ ಕೈ ಮುಗಿದರು. ಅವರ ಬದುಕಿನಲ್ಲಿ ಅಷ್ಟು ನಿಜವಾದ ಮಾತು ಅದಕ್ಕೆ ಮುಂಚೆ ಅವರ ಬಾಯಿಂದ ಬಂದಿರಲಿಲ್ಲ.

ರುಖ್ಸಾರಳ ಕಣ್ಣೂ ತುಂಬಿತು. ಅವಳು ಇಬ್ಬರನ್ನೂ ಒಮ್ಮೆ ನೋಡಿದಳು. ಆಮೇಲೆ ದಾದಾನ ಭುಜ ಹಿಡಿದು ಹೇಳಿದಳು.

“ನೋಡಿದ್ರಾ ದಾದಾ? ನಾನು ಅವತ್ತು ತಮಾಷೆ ಮಾಡಿದ್ದಕ್ಕೆ ನಿಮಗೆ ಬೇಜಾರಾಗಿದೆ ಅಂತ ಗೊತ್ತಾಗಿ, ತಮ್ಮ ಕಥೆನೇ ನಿಮಗೆ ಬಿಟ್ಟುಕೊಡ್ತಿದಾರೆ. ಆ ಕೆಟ್ಟ ಹೆಸರೂ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ಲೀಡರ್ ಅಂದ್ರೆ ಇವರು!”

“ಇಲ್ಲಮ್ಮ, ನಾನು ಹೇಳಿದ್ದು ನಿಜ...” ಎಂದು ಬದರೀನಾಥರು ಕೂಗಿಯೇಬಿಟ್ಟರು.

“ಗೊತ್ತು ಅಂಕಲ್. ನೀವು ಹಂಗೇ ಅಂತೀರ.” ಅವಳು ಬಗ್ಗಿ ಅವರ ಕಾಲು ಮುಟ್ಟಿದಳು.

ಬದರೀನಾಥರು ದಿಕ್ಕು ತೋಚದೆ ಗೆಳೆಯನ ಕಡೆ ನೋಡಿದರು. ಖುದ್ದೂಸರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು.

“ಹೌದು ಬೇಟಾ, ದೊಡ್ಡ ಮನುಷ್ಯರು,” ಎಂದು ಹೇಳಿ, ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಗೆ ಏನು ಬೇಕೆಂದು ಕೇಳಲು ಹೋದರು.