ಮಾಲೀಕರು ನಿಮಗೇನಾಗಬೇಕು?

ಗಂಗಾವತಿಯ ವಿರುಪಣ್ಣನ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೆರಡು ಮಂದಿ ಕೆಲಸಕ್ಕಿದ್ದರು. ಅವರಲ್ಲಿ ಬಾಯ್ಲರಿಗೆ ಹೊಟ್ಟು ಸುರಿದು ಉರಿ ಕಾಯುವವನು ಶಾಮೀದಸಾಬ. ಎಂಬತ್ತೆರಡನೆಯ ಇಸವಿಯ ಆ ಬೇಸಿಗೆಯಲ್ಲಿ ಅವನ ತಲೆಯಲ್ಲಿ ಕೂತಿದ್ದದ್ದು ಒಂದೇ ಸಂಖ್ಯೆ, ತೊಂಬತ್ತು. ಹೆಂಡತಿ ಮೆಹರುನಬಿಗೆ ಕ್ಷಯ ಹತ್ತಿತ್ತು. ದಿನಕ್ಕೊಂದರಂತೆ ತೊಂಬತ್ತು ಸೂಜಿ ಆಗಲೇಬೇಕು, ನಡುವೆ ಬಿಟ್ಟರೆ ಅಲ್ಲಿಯವರೆಗಿನದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂದು ವಿಮಾ ದವಾಖಾನೆಯ ಡಾಕ್ಟರು ಕಣ್ಣು ದೊಡ್ಡದು ಮಾಡಿ ಹೇಳಿದ್ದರು. ಗಿರಣಿಯ ಕೆಲಸದಿಂದ ಸಿಕ್ಕ ವಿಮಾ ಕಾರ್ಡು ಇದ್ದುದರಿಂದ ಸೂಜಿ ಪುಕ್ಕಟೆ. ಹೊರಗೆ ಕೊಂಡರೆ ಒಂದಕ್ಕೆ ಎರಡು ದಿನದ ಪಗಾರ ಬೇಕು.

ಕಾರ್ಡಿಗೆ ಒಂದು ಕಾಯಿದೆ ಇತ್ತು. ಗಿರಣಿಯಲ್ಲಿ ಇಪ್ಪತ್ತು ಜನ ಕೂಲಿಕಾರರಾದರೂ ಇರಬೇಕು, ಮಾಲೀಕನ ಮನೆಯವರನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದನ್ನು ನೋಡಿಹೋಗಲು ಒಂದು ದಿನ ತಪಾಸಣೆಯ ಸಾಹೇಬರು ಬಂದರು. ದೂರದ ಕಡೆಯವರು. ಅವರು ಬೆಳೆದ ಕಚೇರಿಗಳಲ್ಲಿ ಹತ್ತಿರದ ಮೇಜಿನವನನ್ನೂ ಸಾರ್ ಎನ್ನುತ್ತಿದ್ದರು. ಇಲ್ಲಿ ನೋಡಿದರೆ, ಕಣದಲ್ಲಿ ಭತ್ತ ಒಣಹಾಕುವ ಹಸನಬೀ ಜೊತೆಗೆಲಸದ ದುರಗಮ್ಮನನ್ನು ಅಕ್ಕಾ ಎಂದು ಕೂಗಿದಳು. ದುರಗಮ್ಮ ಶಾಮೀದಸಾಬನನ್ನು ಮಾವಾ ಎಂದಳು. ಶಾಮೀದಸಾಬ ಮಾಲೀಕನ ಕಡೆ ತಿರುಗಿ, "ಕಾಕಾ, ಸಾಹೇಬರಿಗೆ ಚಾ ತರಸ್ರಿ" ಎಂದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಮಾಲೀಕರು ನಿಮಗೇನಾಗಬೇಕು?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು.

ನಮ್ಮ ಕಡೆ ಈ ಪ್ರಶ್ನೆಗೆ ಏನೂ ಆಗಬೇಕಿಲ್ಲ ಎಂದು ಉತ್ತರಿಸುವುದು ಕಾಲು ಕೆರೆದು ಜಗಳಕ್ಕೆ ಕರೆದಂತೆ. ಶಾಮೀದಸಾಬ ಎದೆಯ ಮೇಲೆ ಕೈಯಿಟ್ಟು, "ಕಾಕಾ ಆಗಬೇಕ್ರಿ" ಎಂದ. ಹಸನಬೀಗೆ ಅಣ್ಣ ಆಗಬೇಕಿತ್ತು. ಇರಕಲ್ಲಗಡದಿಂದ ಬಂದು ಸೇರಿದ್ದ ಸಣ್ಣಪ್ಪನಿಗೆ ಮಾವ. ದುರುಗಪ್ಪ ಎಂಬ ಹಮಾಲ ಮಾತ್ರ ಹಿಂದಿನ ದಿನವಷ್ಟೇ ಬೈಸಿಕೊಂಡಿದ್ದ ಸಿಟ್ಟಿನಲ್ಲಿ, "ಅಂವ ನನಗ ಏನೂ ಆಗಬೇಕಾಗಿಲ್ಲ" ಎಂದು ಉಗುಳು ನುಂಗಿದ. ಸಾಹೇಬರು ಹೆಸರುಗಳನ್ನೆಲ್ಲ ಇನ್ನೊಮ್ಮೆ ಓದಿಕೊಂಡು ವಿರುಪಣ್ಣನ ಕೈ ಕುಲುಕಿದರು.

"ನಿಮ್ಮ ಮನೆತನ ಬಹಳ ಪ್ರಗತಿಪರವಾಗಿದೆ. ಇಂಥ ಮದುವೆಗಳು ನಮ್ಮ ಕಡೆ ಇನ್ನೂ ಆಗುತ್ತಿಲ್ಲ" ಎಂದರು.

ಹದಿನೈದು ದಿನಕ್ಕೆ ಮುದ್ರೆ ಒತ್ತಿದ ಹುಕುಂ ಬಂತು. ಗಿರಣಿಯಲ್ಲಿ ಮಾಲೀಕನ ಕುಟುಂಬದವರು ಇಪ್ಪತ್ತೊಂದು ಜನ, ಕೂಲಿಕಾರ ಒಬ್ಬ. ಆದ್ದರಿಂದ ಎಲ್ಲರ ಕಾರ್ಡೂ ರದ್ದು. ಅಂದು ನಲವತ್ತೊಂದನೆಯ ಸೂಜಿಗೆ ತೋಳು ಚಾಚಿ ಕೂತಿದ್ದ ಮೆಹರುನಬಿಯನ್ನು ಕಂಪೌಂಡರು ಎಬ್ಬಿಸಿ ಕಳಿಸಿದ. ಅವಳು ಮನೆಗೆ ಬಂದು ಸೂಜಿಗೆಂದು ಮೇಲೆ ಮಡಿಸಿದ್ದ ರವಿಕೆಯ ತೋಳನ್ನು ಇಳಿಸದೆ ಹಾಗೇ ಕೂತುಬಿಟ್ಟಳು.

ಶಾಮೀದಸಾಬ ವಿರುಪಣ್ಣನ ಹತ್ತಿರ ಓಡಿದ. ತಾನು ಕಟ್ಟಬೇಕಾದ ವಿಮೆಯ ಪಾಲು ಉಳಿಯಿತೆಂದು ವಿರುಪಣ್ಣ ಒಳಗೊಳಗೇ ಸಕ್ಕರೆ ತಿಂದವನ ಹಾಗಿದ್ದ.

"ನಾ ಏನ್ ಮಾಡ್ಲಿ ಶಾಮೀದ? ನೀವು ನಮ್ಮ ಮನಿ ಮಂದಿ ಅಂತ ಸರಕಾರನ ಬರದೈತಿ. ಸರಕಾರಕ್ಕ ಎದುರು ಮಾತಾಡಾಕ ಬರ್ತೈತೇನು?"

"ಹೌದ್ರಿ ಕಾಕಾ, ಬರಂಗಿಲ್ಲ" ಎಂದ ಶಾಮೀದಸಾಬ. ಆ ಮಾತು ಬಾಯಿಂದ ಬಿದ್ದಾಗಲೇ ಅವನಿಗೆ ದಾರಿ ಹೊಳೆಯಿತು.

ಸಂಜೆ ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿ, ಹೆಂಡತಿಯನ್ನು ಮುಂದೆ ಮಾಡಿಕೊಂಡು ವಿರುಪಣ್ಣನ ಕಟ್ಟೆ ಹತ್ತಿದ. "ಕಾಕಾ, ನಿಮ್ಮ ಸೊಸಿನ್ನ ಕರಕೊಂಡ ಬಂದೀನ್ರಿ. ಆಕಿಗಿ ಆರಾಮಿಲ್ಲ. ಇನ್ನೂ ಐವತ್ತು ಸೂಜಿ ಅದಾವ."

ವಿರುಪಣ್ಣ ನಗಬೇಕೋ ಬೈಯಬೇಕೋ ತಿಳಿಯದೆ ಬಾಯಿ ತೆರೆದ. ಅಷ್ಟರಲ್ಲಿ ಅವನ ತಾಯಿ ಮುದಕಮ್ಮ ಹೊರಗೆ ಬಂದಳು. ಅಕ್ಷರ ಬಾರದಿದ್ದರೂ ಮುದ್ರೆ ಗುರುತಿಸಬಲ್ಲವಳು. ಶಾಮೀದಸಾಬ ಚಾಚಿದ ಹುಕುಮಿನ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಮುದ್ರೆಯ ಮೇಲೆ ಬೆರಳಾಡಿಸಿದಳು.

"ಸರಕಾರದ ಸಿಕ್ಕಾ ಐತಲ್ಲೋ ವಿರುಪಣ್ಣ! ಮನಿ ಸೊಸಿ ಅಂತ ಬರದ ಮ್ಯಾಲ ಬಾಗಲಾಗ ನಿಲ್ಲಿಸ್ತಿ? ಬಾರವ್ವ, ಕಟ್ಟಿ ಮ್ಯಾಲ ಕೂಡು. ಕೆಮ್ಮ ಐತಿ ಅಂತಿ, ಉಣ್ಣಾಕ ಗಂಗಾಳ ಬ್ಯಾರೆ ಇಡ್ತೀನಿ. ಖರೆ, ಹೊಟ್ಟಿ ತುಂಬ ಉಣ್ಣಬೇಕು."

ಮುದಕಿಯ ಮಾತು ಆ ಮನೆಯಲ್ಲಿ ಕಾಯಿದೆಗಿಂತ ದೊಡ್ಡದು. ಅಂದಿನಿಂದಲೇ ಸೂಜಿಗೆ ವಿರುಪಣ್ಣನೇ ಖರ್ಚು ಮಾಡಬೇಕಾಯಿತು. ದಿನಾ ಎರಡು ಹೊತ್ತು ಹಾಲು, ಎರಡು ತತ್ತಿ. ಲಿಂಗಾಯತರ ಮನೆಯಲ್ಲಿ ತತ್ತಿ ಬೇಯಿಸುವ ಹಾಗಿಲ್ಲವಲ್ಲ, ಮುದಕಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿಸಿ, ತಾನು ಬೇರೆ ಕಡೆ ಮುಖ ಮಾಡಿ ನಿಂತು ಬೇಯಿಸಿಕೊಳ್ಳಲು ಹೇಳಿದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹಸನಬೀ ಮೊಣಕಾಲು ನೋವು ತಂದಳು. ಸಣ್ಣಪ್ಪ ಆಪರೇಶನ್ ಆಗಬೇಕಾದ ಅಂಡವಾಯು ತಂದ, ಅದನ್ನು ತೋರಿಸಲೂ ತಯಾರಾದ. ದುರಗಮ್ಮ ನಾಯಿಕೆಮ್ಮಿನ ಮೂರು ಮಕ್ಕಳನ್ನು ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿ, ಮೊಮ್ಮಕ್ಕಳನ್ನು ನೋಡಿಕೊಳ್ಳಿರೆಂದು ಹೇಳಿ ಹೋದಳು. ಎಲ್ಲರ ಕೈಯಲ್ಲೂ ಹುಕುಮಿನ ನಕಲು ಇತ್ತು. ಕುಷ್ಟಗಿಯಿಂದ ಬಂದಿದ್ದ ವಿರುಪಣ್ಣನ ನಿಜವಾದ ಬೀಗರು ಮಲಗಲು ಜಾಗ ಸಿಗದೆ ಅದೇ ಬಸ್ಸಿಗೆ ಮರಳಿದರು.

ಗಿರಣಿಯ ಪಾಡು ಅದಕ್ಕಿಂತ ಕೆಟ್ಟಿತು. ಮಾಲೀಕನ ಮನೆಯವರು ಮೂಟೆ ಹೊರುತ್ತಾರೆಯೇ? ಇಪ್ಪತ್ತೊಂದು ಜನರೂ ಹೊರಸು ಹಾಕಿಕೊಂಡು ಕೂತು ದುರುಗಪ್ಪನಿಗೆ ಕೆಲಸ ಹೇಳತೊಡಗಿದರು. ಆರನೆಯ ದಿನ ದುರುಗಪ್ಪ ಅಳುಮೋರೆ ಮಾಡಿಕೊಂಡು ಬಂದ.

"ಒಬ್ಬ ಆಳಿಗೆ ಇಪ್ಪತ್ತೆರಡು ಮಂದಿ ಧಣಿಯರಾದ್ರ ಹೆಂಗ್ರಿ? ನನ್ನೂ ತಮ್ಮ ಅಂತ ಬರಸ್ರಿ, ಇಲ್ಲಾಂದ್ರ ನನ್ನ ಪಗಾರದ ಲೆಕ್ಕ ಮುಗಿಸಿ ಕಳಸ್ರಿ."

ಏಳನೆಯ ದಿನ ಸಣ್ಣಪ್ಪ ಗಿರಣಿಯಲ್ಲಿ ತನ್ನ ಪಾಲಿನ ವಿಚಾರ ಎತ್ತಿದ. ಅಂದೇ ವಿರುಪಣ್ಣ ಜೀಪು ತೆಗೆದುಕೊಂಡು ರಾಯಚೂರಿಗೆ ಹೋದ. ಸಾಹೇಬರ ಮುಂದೆ ಕೈಮುಗಿದು, ಆ ಇಪ್ಪತ್ತೊಂದು ಜನ ತನಗೆ ಏನೂ ಅಲ್ಲ, ಮರುತಪಾಸಣೆ ಮಾಡಿರೆಂದು ಗೋಗರೆದ. ಸಾಹೇಬರಿಗೆ ಸಂಶಯ ಬಂತು. ಇಷ್ಟು ದೊಡ್ಡ ಕುಟುಂಬ ಹತ್ತು ದಿನದಲ್ಲಿ ಒಡೆಯುವುದೆಂದರೇನು?

"ಬಂದು ನೋಡುತ್ತೇನೆ. ಒಬ್ಬರ ಬಾಯಲ್ಲಿ ಸಂಬಂಧ ಕೇಳಿದರೂ ಹಳೆಯ ಹುಕುಮೇ ಖಾಯಂ" ಎಂದರು.

ಎರಡು ದಿನ ಗಿರಣಿಯಲ್ಲಿ ತಾಲೀಮು ನಡೆಯಿತು. ಕಾಕಾ ಅಲ್ಲ, ಮಾಲೀಕರು. ಅಕ್ಕ ಅಲ್ಲ, ದುರಗಮ್ಮನವರು. ಹಸನಬೀ ನಾಲಿಗೆ ಕಚ್ಚಿಕೊಂಡು ರಕ್ತ ಬರಿಸಿಕೊಂಡಳು. ಊಟದ ಹೊತ್ತಿಗೆ ಯಾರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಎಲ್ಲರೂ ತಮ್ಮ ತಮ್ಮ ಬುತ್ತಿ ಹಿಡಿದು ಗೋಡೆಗೆ ಮುಖ ಮಾಡಿ ಉಂಡರು. ಶಾಮೀದಸಾಬ ಅರ್ಧ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲಿ ಕಟ್ಟಿಟ್ಟ.

ಸಾಹೇಬರು ಬಂದರು. ಇಪ್ಪತ್ತೊಂದು ಜನ ತಲೆ ತಗ್ಗಿಸಿ, "ಮಾಲೀಕರು ನಮಗ ಏನೂ ಆಗಬೇಕಾಗಿಲ್ರಿ" ಎಂದರು. ವಿರುಪಣ್ಣ ಪ್ರತಿಯೊಬ್ಬರಿಗೂ ತಲೆ ಆಡಿಸಿದನಾದರೂ ಅವನ ಮುಖ ಸಣ್ಣದಾಗುತ್ತ ಹೋಯಿತು. ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಮನೆಯನ್ನೂ ನೋಡಬೇಕೆಂದರು. ಅಲ್ಲಿ ಕಟ್ಟೆಯ ಮೇಲೆ ಮೆಹರುನಬಿ ಕೂತಿದ್ದಳು. ಮುದಕಮ್ಮ ಅವಳ ತಲೆ ಬಾಚಿ ಜಡೆ ಹೆಣೆಯುತ್ತಿದ್ದಳು.

"ಅಜ್ಜಿ, ಈಕೆ ನಿಮಗೇನಾಗಬೇಕು?"

ಹೆಣೆಯುತ್ತಿದ್ದ ಬೆರಳು ನಿಂತವು. ಶಾಮೀದಸಾಬ ಮನಸ್ಸಿನಲ್ಲೇ ಎಣಿಸಿದ. ಇನ್ನೂ ನಲವತ್ತೊಂದು ಸೂಜಿ, ಎಲ್ಲವೂ ಈ ಮುದಕಿಯ ನಾಲಿಗೆಯ ಮೇಲೆ. ಮುದಕಮ್ಮನಿಗೆ ಯಾರೂ ತಾಲೀಮು ಕೊಟ್ಟಿರಲಿಲ್ಲ. ಎಪ್ಪತ್ತು ವರ್ಷದಲ್ಲಿ ಮನೆಗೆ ಬಂದವರಿಗೆ ನೀನು ಏನೂ ಅಲ್ಲವೆಂದು ಹೇಳಿದ ಹೆಂಗಸಲ್ಲ ಅವಳು. ಅವಳು ಮಗನ ಮುಖ ನೋಡಿದಳು, ಶಾಮೀದಸಾಬನ ಮುಖ ನೋಡಿದಳು. ಅರ್ಧ ಹೆಣೆದಿದ್ದ ಜಡೆಯನ್ನು ಕೈಬಿಟ್ಟಳು.

"ಯಾರೋ ಏನೋ. ನನಗ ಗುರ್ತಿಲ್ಲಪ್ಪ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸಾಹೇಬರು ಅಲ್ಲೇ ಕಟ್ಟೆಯ ಮೇಲೆ ಕೂತು ಹುಕುಂ ಬರೆದರು. ಕಾರ್ಡುಗಳು ಮರಳಿ ಬಂದವು. ವಿರುಪಣ್ಣ ಒಂದೇ ಒಂದು ಮಾತು ಹೇಳಿದ, ಇನ್ನು ಮೇಲೆ ಯಾರೂ ಅಪ್ಪಿತಪ್ಪಿಯೂ ತನ್ನನ್ನು ಕಾಕಾ ಎನ್ನಬಾರದು. ಹಾಗೆ ಹೇಳುವಾಗ ಅವನು ಯಾರ ಕಣ್ಣನ್ನೂ ನೋಡಲಿಲ್ಲ.

ಮರುದಿನ ವಿಮಾ ದವಾಖಾನೆಯಲ್ಲಿ ಮೆಹರುನಬಿಗೆ ಐವತ್ತನೆಯ ಸೂಜಿ. ಶಾಮೀದಸಾಬ ಪಕ್ಕದಲ್ಲಿ ನಿಂತಿದ್ದ. ಕಿಟಕಿಯಾಚೆ ಬಿಸಿಲಿನಲ್ಲಿ ಒಬ್ಬ ಮುದಕಿ ಸೆರಗಿನೊಳಗೆ ಹಾಲಿನ ಚರಿಗೆ ಮುಚ್ಚಿಕೊಂಡು ಕಾಯುತ್ತಿದ್ದಳು. ಕಂಪೌಂಡರು ಸೂಜಿ ಎತ್ತಿ ಹಿಡಿದು, "ಯಾರವ್ವ ಆಕಿ? ನಿಮ್ಮ ಮಂದಿ ಏನು?" ಎಂದು ಕೇಳಿದ.



"ಗುರ್ತಿಲ್ರಿ" ಎಂದಳು ಮೆಹರುನಬಿ, ಹೊರಗಿನವಳಿಗೂ ಕೇಳಲೆಂದು ಜೋರಾಗಿ. ಸೂಜಿ ಆದ ಮೇಲೆ ಹೊರಗೆ ಬಂದು, ಗುರುತಿಲ್ಲದ ಆ ಹೆಂಗಸಿನ ಕೈಯಿಂದ ಚರಿಗೆ ತೆಗೆದುಕೊಂಡು ಒಂದು ಹನಿಯೂ ಉಳಿಸದೆ ಕುಡಿದಳು. ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಜಡೆಯನ್ನು ಮುದಕಿ ದವಾಖಾನೆಯ ಗೋಡೆಯ ಮರೆಯಲ್ಲಿ ನಿಲ್ಲಿಸಿಕೊಂಡು ಹೆಣೆದು ಮುಗಿಸಿದಳು.