ಐವತ್ತೈದರ ನಡುಕ

"ಗಾಡಿ ಇವತ್ತೂ ನಡುಗಿತು. ಅವತ್ತು ನಾನು ಅದಕ್ಕೆ ಕೈ ಹಚ್ಚಬಾರದಿತ್ತೇನೋ."

ಇಷ್ಟು ಬರೆದು ರಾಜಶ್ರೀ ಪೆನ್ನು ಎತ್ತಿದಳು. ಡೈರಿಯಲ್ಲಿ ಈ ಎರಡನೆಯ ವಾಕ್ಯ ಬಂದದ್ದು ಇದೇ ಮೊದಲಲ್ಲ. ಮೂರು ತಿಂಗಳಲ್ಲಿ ಏಳೆಂಟು ಸಲ ಬರೆದು, ಅಷ್ಟೇ ಸಲ ಹೊಡೆದುಹಾಕಿದ್ದಳು. ಇವತ್ತು ಹೊಡೆದುಹಾಕಲು ಮನಸ್ಸಾಗಲಿಲ್ಲ. ಬರುವ ಸೋಮವಾರ ಬೀಳಗಿಯ ರಾಚಪ್ಪ ಬಂದು ಗಾಡಿಯನ್ನು ಕೊಂಡೊಯ್ಯುವವನಿದ್ದ. ಇವತ್ತು ಶುಕ್ರವಾರ.

ಗಾಡಿ ಎಂದರೆ ಅಪ್ಪ ಗಿರಮಲ್ಲಪ್ಪನ ಪಿಕಪ್. ಹದಿನೇಳು ವರ್ಷದ್ದು. ನೂಲು ಸುತ್ತಿದ ಬೀಮುಗಳನ್ನು ರಬಕವಿಯಲ್ಲಿ ಹೇರಿಕೊಂಡು ಬನಹಟ್ಟಿ, ಮುಧೋಳ, ಜಮಖಂಡಿಯ ಮಗ್ಗದ ಮನೆಗಳಿಗೆ ಮುಟ್ಟಿಸುವುದು ಅದರ ಕೆಲಸ. ರಾಜಶ್ರೀ ಬಿ.ಎಸ್ಸಿ. ಮುಗಿಸಿದ್ದು ಅದು ದುಡಿದದ್ದರಿಂದ. ವೇಗ ತೋರಿಸುವ ಮುಳ್ಳು ಸತ್ತು ಎಷ್ಟೋ ವರ್ಷವಾಗಿದ್ದರೂ ಅಪ್ಪ ಅದನ್ನು ಒಂದು ದಿನ ಹಳೇ ಗಾಡಿ ಎಂದು ಕರೆದವನಲ್ಲ.

ನಡುಕ ಶುರುವಾದದ್ದು ಮೂರು ತಿಂಗಳ ಹಿಂದೆ, ಅಪ್ಪನ ಗೆಳೆಯ ಶಿದ್ರಾಮಪ್ಪನ ಗ್ಯಾರೇಜಿನಿಂದ ಬಂದ ಮರುದಿನ. ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿಗೆ ಎರಡು ತುದಿಯಲ್ಲೂ ಕ್ರಾಸ್ ಎಂಬ ಒಂದೊಂದು ಕೀಲು ಇರುತ್ತದೆ. ಅದರಲ್ಲೊಂದು ಸವೆದಿತ್ತು. ಶಿದ್ರಾಮಪ್ಪ ಶಾಫ್ಟನ್ನು ಇಳಿಸಿ, ಎರಡು ತುಂಡಾಗಿ ಎಳೆದಿಟ್ಟು, ಹೊಸ ಕ್ರಾಸ್ ತರಲು ಅಂಗಡಿಗೆ ಹೋದ. ಅಪ್ಪನಿಗೆ ಬುತ್ತಿ ತಂದಿದ್ದ ರಾಜಶ್ರೀಗೆ ಸುಮ್ಮನೆ ಕೂರಲಾಗಲಿಲ್ಲ. ಜಿಡ್ಡು ಮೆತ್ತಿದ ಆ ತುಂಡುಗಳನ್ನು ಡೀಸೆಲ್ಲಿನಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿ ತಿಕ್ಕಿ ಹೊಸ ಪಾತ್ರೆಯಂತೆ ಮಾಡಿಟ್ಟಳು. ಶಿದ್ರಾಮಪ್ಪ ಬಂದು ನೋಡಿ, "ಭಾಳ ಛಲೋ ಮಾಡೀ ನೋಡ ತಂಗಿ" ಎಂದಿದ್ದ. ಅದರಲ್ಲಿ ತಪ್ಪೇನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತಾನು ಮುಟ್ಟಿದ್ದಕ್ಕೂ ಗಾಡಿ ನಡುಗಿದ್ದಕ್ಕೂ ನಡುವೆ ಇದ್ದದ್ದು ಒಂದೇ ರಾತ್ರಿ.

ಅಪ್ಪ ಗಾಡಿಯನ್ನು ಮತ್ತೆ ಒಯ್ದಾಗ ಶಿದ್ರಾಮಪ್ಪ ಅಡಿಗೆ ಇಣುಕಿ, "ಕ್ರಾಸ್ ಬರೋಬ್ಬರಿ ಕುಂತೈತಿ. ನಿನ್ನ ಟಾಯರ್ ತೋರ್ಸ" ಎಂದ.

"ಮೊನ್ನಿತನಕ ಇಲ್ಲದ ನಡುಕ ಟಾಯರಿಗೆ ಎಲ್ಲಿಂದ ಬಂತಲೇ?"

ಮಾತಿಗೆ ಮಾತು ಬೆಳೆಯಿತು. ಇಪ್ಪತ್ತು ವರ್ಷ ದಿನಾ ಒಂದು ಚಹಾವನ್ನು ಅರ್ಧರ್ಧ ಮಾಡಿ ಕುಡಿದವರು ಮಾತು ಬಿಟ್ಟರು. ಆಮೇಲೆ ಅಪ್ಪ ಗಾಡಿಯನ್ನು ಊರೂರಿಗೆ ತೋರಿಸಿದ. ಜಮಖಂಡಿಯಲ್ಲಿ ಗಾಲಿಗಳ ಬ್ಯಾಲೆನ್ಸ್ ಮಾಡಿಸಿ, ಹಿಂದಿನವನ್ನು ಮುಂದೆ, ಮುಂದಿನವನ್ನು ಹಿಂದೆ ಹಾಕಿಸಿದ. ಮುಧೋಳದಲ್ಲಿ ಎಂಜಿನ್ ಕೂರುವ ರಬ್ಬರು ಹೋಯಿತು, ಕ್ಲಚ್ ಪ್ಲೇಟೂ ಹೋಯಿತು, ಎರಡೂ ಹೊಸವು ಬಂದವು. ಬೀಳಗಿಯಲ್ಲೊಬ್ಬ ಅಡಿಗೆ ಬಗ್ಗಿ ಕೂಡ ನೋಡದೆ, "ಚೆಸ್ಸಿ ಬೆಂಡ್ ಆಗೇತ್ರಿ, ಕೊಟ್ಟಬಿಡ್ರಿ" ಎಂದ. ಕೊಳ್ಳಲು ರಾಚಪ್ಪನನ್ನು ಹುಡುಕಿಕೊಟ್ಟವನೂ ಅವನೇ. ನಡುಕ ಮಾತ್ರ ಯಾವ ಊರಿನಲ್ಲೂ ಇಳಿದುಕೊಳ್ಳಲಿಲ್ಲ. ಬೀಮಿನ ಅಂಚಿನ ನೂಲು ಜಾರಿ ಸಿಕ್ಕಾಗುತ್ತಿದೆ ಎಂದು ಮಗ್ಗದವರು ತಕರಾರು ತೆಗೆದರು.

ರಾಜಶ್ರೀ ಜಗಳದಲ್ಲಿ ಬಾಯಿ ಹಾಕುವವಳಲ್ಲ. ಕೆಲಸ ಸಿಕ್ಕದ ಈ ದಿನಗಳಲ್ಲಿ ಆಗಾಗ ಅಪ್ಪನ ಪಕ್ಕ ಕೂತು ಹೋಗುತ್ತಿದ್ದಳು, ಮೊಬೈಲಿನ ಮ್ಯಾಪಿನಲ್ಲಿ ವೇಗ ನೋಡುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು.

"ನಾ ಗಾಡಿ ಹೊಡ್ಯಾಕತ್ತೇನೋ, ನೀ ಪರೀಕ್ಷಾ ಬರ್ಯಾಕತ್ತೀಯೋ?" ಎಂದು ಅಪ್ಪ ಕೆಣಕುತ್ತಿದ್ದ.

"ಅಪ್ಪಾ, ಒಂದ್ಸಲ ನ್ಯೂಟ್ರಲ್‌ಗೆ ಹಾಕ."

"ಯಾಕವಾ?"

"ಸುಮ್ನ."

ಹೀಗೆ ಸುಮ್ಮಸುಮ್ಮನೆ ಹಾಳೆಗಳು ತುಂಬಿದವು. ನಡುಕ ಐವತ್ತೈದಕ್ಕೆ ಶುರು, ಅರವತ್ತಕ್ಕೆ ಜೋರು. ನಾಲ್ಕನೆಯ ಗೇರಿನಲ್ಲೂ ಐದನೆಯದರಲ್ಲೂ ಅದೇ ಐವತ್ತೈದು. ನ್ಯೂಟ್ರಲ್ಲಿಗೆ ಹಾಕಿ ಎಂಜಿನ್ನಿನ ಸದ್ದು ತಣ್ಣಗಾದರೂ ನಡುಕ ತಣ್ಣಗಾಗದು. ಅಂದಮೇಲೆ ಎಂಜಿನ್ನಿನದಲ್ಲ, ಕ್ಲಚ್ಚಿನದಲ್ಲ. ಸ್ಟೇರಿಂಗ್ ಹಿಡಿದ ಅಪ್ಪನ ಕೈ ನಡುಗದು, ಕೂತ ಸೀಟು ನಡುಗುತ್ತದೆ, ಕಾಲಡಿಯ ತಗಡು ನಡುಗುತ್ತದೆ. ಅಂದಮೇಲೆ ಮುಂದಿನ ಗಾಲಿಗಳದ್ದಲ್ಲ. ಹಿಂದಿನವನ್ನು ಬದಲಿಸಿದ್ದೂ ಆಗಿದೆ. ಉಳಿದದ್ದು ಗೇರ್‌ಬಾಕ್ಸಿಗೂ ಹಿಂದಿನ ಗಾಲಿಗಳಿಗೂ ನಡುವೆ ಇರುವ ಒಂದೇ ಒಂದು ವಸ್ತು. ಅವಳು ಹೊಸ ಪಾತ್ರೆಯಂತೆ ಬೆಳಗಿಟ್ಟಿದ್ದ ವಸ್ತು. ಅಲ್ಲಿಗೆ ಬಂದು ಅವಳ ಪೆನ್ನು ನಿಲ್ಲುತ್ತಿತ್ತು.

ಶನಿವಾರ ಮುಂಜಾನೆ ಅವ್ವ ಮಾದೇವಿ ಮಗ್ಗದ ಮುಂದೆ ಕೂತು ಕೆಚ್ಚುತ್ತಿದ್ದಳು. ಮುಗಿಯುತ್ತ ಬಂದ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಜೋಡಿಸುವ ಕೆಲಸ ಅದು, ಎಳೆಗಳು ಸಾವಿರಗಟ್ಟಲೆ. ಕೂರುವ ಮುಂಚೆ ಎರಡೂ ಹಾಸಿನ ಅಂಚಿಗೆ ಒಂದಿಷ್ಟು ಕುಂಕುಮ ಹಚ್ಚಿಕೊಳ್ಳುವುದು ಅವಳ ರೂಢಿ.

"ಇಷ್ಟ ವರ್ಷ ಆತು, ಇನ್ನೂ ಹಚ್ಚತೀಯಲ್ಲವ್ವಾ. ನಿನಗ ಗೊತ್ತಾಗೂದಿಲ್ಲೇನು?"

"ತಲಿಗೆ ಗೊತ್ತಿರ್ತೈತಿ, ಕೈಗೆ ಗೊತ್ತಿರೂದಿಲ್ಲ. ಒಂದ ಎಳಿ ಆಚೀಚಿ ಆತಂದ್ರ ಹಿಂದಿನ್ವೆಲ್ಲಾ ಆಚೀಚಿ. ಸೀರಿ ತುಂಬ ಗೀರ ಬೀಳ್ತೈತಿ." ಅವ್ವ ತಲೆ ಎತ್ತಲಿಲ್ಲ. "ಬಿಚ್ಚಿದ್ದು ಬಿಚ್ಚಿದಾಂಗ ಕೂಡಬೇಕಂದ್ರ ಗುರುತು ಬೇಕವಾ."

ರಾಜಶ್ರೀ ತಟ್ಟನೆ ಎದ್ದಳು. ಒಳಗೆ ಹೋಗಿ ಡೈರಿಯಲ್ಲಿ ಮೂರು ತಿಂಗಳು ಹಿಂದಕ್ಕೆ ಹೋದಳು. ಅವಳದೇ ದುಂಡನೆಯ ಅಕ್ಷರ: "ಶಿದ್ರಾಮ ಕಾಕಾನ ಗ್ಯಾರೇಜಿನಲ್ಲಿ ಶಾಫ್ಟ್ ಒರೆಸಿಕೊಟ್ಟೆ. ಎರಡೂ ತುಂಡಿನ ಮೇಲೆ ಸೀಮೆಸುಣ್ಣದ ಬಿಳಿ ಗೆರೆ ಇತ್ತು. ಅದೂ ಹೋಯಿತು. ಈಗ ಫಳಫಳ ಹೊಳೆಯುತ್ತಿದೆ."

ಆ ಹಾಳೆಯನ್ನು ಯಾರ ಕಣ್ಣಿಗೂ ಬೀಳದಂತೆ ಮುಂದಿನ ಹಾಳೆಗೆ ಸೇರಿಸಿ ಪಿನ್ನು ಚುಚ್ಚಿಬಿಟ್ಟಳು. ಆಮೇಲೆ ನಾಚಿಕೆ ಬಿಟ್ಟು ಮಾಡಿದ ಮೊದಲ ಕೆಲಸವೆಂದರೆ ಪಕ್ಕದ ಮನೆಯ ಹಣಮಂತನ ಪಿಕಪ್ಪಿನ ಅಡಿಗೆ ತೂರಿದ್ದು. ಅದೂ ಇದೇ ಮಾದರಿಯದು. ಶಾಫ್ಟಿನ ಎರಡು ತುದಿಯಲ್ಲೂ ಕ್ರಾಸನ್ನು ಹಿಡಿಯುವ ಕವಲು ಇತ್ತು. ಒಂದು ಕವಲು ಅಡ್ಡ ಮಲಗಿದ್ದರೆ ಇನ್ನೊಂದೂ ಅಷ್ಟೇ ಅಡ್ಡ. ಮೊಬೈಲಿನ ಬೆಳಕಿನಲ್ಲಿ ಫೋಟೋ ತೆಗೆದುಕೊಂಡು ತಮ್ಮ ಗಾಡಿಯ ಅಡಿಗೆ ಹೋದಳು. ಇಲ್ಲಿ ಒಂದು ಅಡ್ಡ ಮಲಗಿತ್ತು. ಇನ್ನೊಂದು, ಬಸ್ಸಿನಲ್ಲಿ ತೂಕಡಿಸಿ ಪಕ್ಕದವರ ಹೆಗಲಿಗೆ ವಾಲಿದವರಂತೆ, ತುಸು ವಾಲಿತ್ತು.

ರವಿವಾರ ಮುಂಜಾನೆ ಅಪ್ಪ ರಾಚಪ್ಪನಿಗೆ ಕೊಡಬೇಕಾದ ಕಾಗದಪತ್ರ ಜೋಡಿಸುತ್ತಿದ್ದಾಗ ಅವಳು ಡೈರಿಯಲ್ಲಿ ವೇಗ ಬರೆದ ಹಾಳೆಗಳನ್ನು ತೆರೆದು ಅವನ ಮುಂದೆ ಇಟ್ಟು, ಫೋಟೋ ತೆಗೆದ ಮೊಬೈಲನ್ನೂ ಪಕ್ಕದಲ್ಲಿಟ್ಟು, ಬಾಗಿಲಿಗೆ ಆತು ನಿಂತಳು. ಅಪ್ಪ ಬಹಳ ಹೊತ್ತು ಓದಿದ.

"ಬಾಯಿಲೆ ಹೇಳಾಕ ಬರೂದಿಲ್ಲೇನ ನಿನಗ?"

ಅವಳು ತಲೆಯಾಡಿಸಿದಳು.

"ಈ ಹಾಳಿಗೆ ಪಿನ್ನ ಯಾಕ ಹಾಕೀ?"

"ಅದು ನಂದು."

"ಆತ ಆತ." ಅಪ್ಪ ಕೀಲಿ ತೆಗೆದುಕೊಂಡ. "ಮೂರ ಊರ ತಿರುಗಿದೆ, ಮನ್ಯಾಗ ಕೇಳ್ಲಿಲ್ಲ. ನಡಿ, ಶಿದ್ರಾಮನ ಕಡೆ ಹೋಗೂಣು. ಅವನ ಮಾರಿ ನೋಡಾಕಲ್ಲ ಮತ್ತ, ಅವನ ಗ್ಯಾರೇಜಿನ ಗುಂಡಿ ಬೇಕಾಗೇತಿ, ಅಷ್ಟಽ."

ಗ್ಯಾರೇಜಿನಲ್ಲಿ ಶಿದ್ರಾಮಪ್ಪ ಒಬ್ಬನೇ ಇದ್ದ. "ಏನಲೇ, ದಾರಿ ತಪ್ಪಿ ಬಂದಿಯೇನ?"

"ನಾ ಬಂದಿಲ್ಲ. ನನ್ನ ಮಗಳು ಬಂದಾಳ. ನಾ ಬರೇ ಡ್ರೈವರ್."

ಶಿದ್ರಾಮಪ್ಪ ದಾರ ಕಟ್ಟಿದ ಚಾಳೀಸು ಮೂಗಿಗೇರಿಸಿ, ಡೈರಿಯನ್ನು ತೋಳಿನುದ್ದ ದೂರ ಹಿಡಿದು ಓದಿದ. "ನ್ಯೂಟ್ರಲ್‌ದಾಗೂ ನಡಗತೈತಿ ಅಂತ ನೀ ಯಾಕ ಹೇಳ್ಲಿಲ್ಲೋ?"

"ನೀ ಕೇಳಿದ್ಯೇನ? ಟಾಯರ್ ತೋರ್ಸ ಅಂದಿ."

ಶಿದ್ರಾಮಪ್ಪ ಗಾಡಿಯ ಅಡಿಯ ಗುಂಡಿಗಿಳಿದ. ಆಮೇಲೆ ಕೆಳಗಿನಿಂದ ದನಿ ಬಂತು, ಜಗಳದ ದನಿಯಲ್ಲ. "ಗಿರಮಲ್ಲಾ, ಇಳದ ಬಾ ಇಲ್ಲಿ."

ಶಾಫ್ಟಿನ ಒಂದು ತುಂಡು ಇನ್ನೊಂದರೊಳಗೆ ಹಲ್ಲಿಗೆ ಹಲ್ಲು ಕೂಡಿ ಕೂರುವಂಥದು. ಅದು ಎರಡು ಹಲ್ಲು ಸರಿದು ಕೂತಿತ್ತು. ಎರಡೇ ಎರಡು. ಶಿದ್ರಾಮಪ್ಪ ತುಂಡುಗಳನ್ನು ಎಳೆದು, ಕವಲಿಗೆ ಕವಲು ಸಮ ಮಾಡಿ, ಸೀಮೆಸುಣ್ಣದಿಂದ ಎರಡರ ಮೇಲೂ ಗೆರೆ ಎಳೆದು, ಮತ್ತೆ ಒಳಗೆ ದೂಡಿದ. ರಾಜಶ್ರೀ ಆ ಗೆರೆಯನ್ನು ಕಣ್ಣು ಮಿಟುಕಿಸದೆ ನೋಡಿದಳು.

ಚಿಮ್ಮಡ ರಸ್ತೆಗೆ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಹೊರಟರು. ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಅಪ್ಪ ನೀರು ತುಂಬಿದ ಸ್ಟೀಲ್ ಲೋಟ ಇಟ್ಟಿದ್ದ.

"ನಲವತ್ತೈದು," ಎಂದಳು ರಾಜಶ್ರೀ ಮೊಬೈಲು ನೋಡುತ್ತ. "ಐವತ್ತು."

ಅಪ್ಪ ಕಾಲನ್ನು ಇನ್ನಷ್ಟು ಒತ್ತಿದ.

"ಐವತ್ತೈದು."

ಕಾಲಡಿಯ ತಗಡು ಸುಮ್ಮನಿತ್ತು. ಮೂರು ತಿಂಗಳು ಗಲಗಲ ಅನ್ನುತ್ತಿದ್ದ ಕೀಲಿಗೊಂಚಲು ಸುಮ್ಮನಿತ್ತು.

"ಅರವತ್ತು. ಅರವತ್ತೈದು. ಎಪ್ಪತ್ತು, ಅಪ್ಪಾ."

ಲೋಟದ ನೀರು ಅಂಚು ದಾಟಲಿಲ್ಲ. ಅಪ್ಪ ನಗಲು ಶುರುಮಾಡಿದ, ಎರಡೂ ಬದಿಯ ಕಬ್ಬಿನ ಗದ್ದೆಗೆ ಕೇಳುವಂತೆ ನಕ್ಕ. ಗಾಡಿಯನ್ನು ಬದಿಗೆ ನಿಲ್ಲಿಸಿ ಆ ನೀರನ್ನು ಗಟಗಟ ಕುಡಿದು, ಫೋನು ಹಚ್ಚಿದ. "ರಾಚಪ್ಪಾರ, ನಾಳಿ ಬರಬ್ಯಾಡ್ರಿ. ಗಾಡಿ ಕೊಡೂದಿಲ್ರಿ. ಚೆಸ್ಸಿ ಏನ್ರಿ? ತಾನಽ ನೆಟ್ಟಗಾತ್ರಿ ಅದು."

ಗ್ಯಾರೇಜಿಗೆ ಮರಳಿ ಬಂದಾಗ ಚಹಾ ಬಂತು. ಒಂದನ್ನು ಇಬ್ಬರು ಅರ್ಧರ್ಧ ಮಾಡಿಕೊಂಡು, ಇನ್ನೊಂದನ್ನು ಇಡಿಯಾಗಿ ರಾಜಶ್ರೀಗೆ ಕೊಟ್ಟರು.

"ಮೂರ ಊರ ಮಿಸ್ತ್ರಿಗಳಿಗೆ ತಿಳೀಲಾರದ್ದು ನನ್ನ ಮಗಳ ಬರದ ತೋರ್ಸಿದಳು," ಎಂದ ಅಪ್ಪ. "ಶಿದ್ರಾಮಾ, ನೀ ಮದ್ಲ ಆ ಚಾಳೀಸ ಬದಲಿ ಮಾಡ್ಸಲೇ."

ಅಪ್ಪ ನಕ್ಕಷ್ಟು ಶಿದ್ರಾಮಪ್ಪ ನಗಲಿಲ್ಲ. ಚಹಾದ ಬಸಿಯನ್ನು ಕೆಳಗಿಟ್ಟ.

"ಚಾಳೀಸಿಂದಲ್ಲ ಗಿರಮಲ್ಲಾ. ನಲವತ್ತ ವರ್ಷದಾಗ ಗುರುತು ಹಾಕದಽ ನಾ ಒಂದ ಶಾಫ್ಟ ಬಿಚ್ಚಿಲ್ಲ. ಅವತ್ತೂ ಹಾಕೇನಂತಽ ಅನಕೊಂಡಿದ್ದೆ. ಜೋಡ್ಸೂಮುಂದ ಹುಡುಕಿದೆ, ಇರಲಿಲ್ಲ. ಹಾಕಿದ್ರ ಒರಸೂಮುಂದ ತಂಗಿಗೆ ಕಂಡು, ಹೇಳತಿದ್ದಳು. ಕರೆಂಟ ಹೋಗಿತ್ತು, ಅಂದಾಜಿಲೆ ಕೂಡ್ಸಿದೆ." ಅವನು ನಟ್ಟು ಬಿಗಿಯುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದ. "ಮರವು ಶುರುವಾತು ನೋಡ. ಹಾಕದ ಗುರುತು ಹಾಕೇನಿ ಅನ್ನೂ ಮನಷ್ಯಾ ಮಂದಿ ಗಾಡಿಗೆ ಕೈ ಹಚ್ಚಬಾರದು. ಇನ್ನ ಸಾಕು."

ಅಪ್ಪ ಚಹಾ ಮುಗಿದ ಬಸಿಯನ್ನೇ ಮತ್ತೆ ತುಟಿಗೆ ಹಚ್ಚಿದ.

ರಾಜಶ್ರೀಯ ಬೆರಳು ತೊಡೆಯ ಮೇಲಿದ್ದ ಡೈರಿಯ ಪಿನ್ನಿಗೆ ಹೋಯಿತು. ಪಿನ್ನು ತೆಗೆದು, ಹಾಳೆ ತೆರೆದು ಕಾಕಾನ ಮುಂದೆ ಇಟ್ಟರೆ ಆಯಿತು. ಇಷ್ಟು ದಿನ ಅವಳು ಎಲ್ಲವನ್ನೂ ಹೇಳಿದ್ದು ಹಾಗೇ. ಶಿದ್ರಾಮಪ್ಪ ಚಾಳೀಸು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಅವಳು ಡೈರಿಯನ್ನು ಬೆಂಚಿನ ಮೇಲೆ ಬಿಟ್ಟು ಎದ್ದು ನಿಂತಳು.

"ಕಾಕಾ," ಎಂದಳು, ದನಿ ತನ್ನದೇ ಎಂದು ತನಗೇ ನಂಬಿಕೆ ಬಾರದಷ್ಟು ಗಟ್ಟಿಯಾಗಿ. ಇಬ್ಬರೂ ತಿರುಗಿ ನೋಡಿದರು.

"ನೀವು ಗುರುತು ಹಾಕಿದ್ರಿ. ಬಿಳೀ ಗೆರಿ. ನಾ ಕಣ್ಣಾರೆ ನೋಡೇನಿ. ಅದನ್ನ ಒರಸಿದಾಕಿ ನಾನಽ."